ನೀಲಗಂಗವ್ವನ ಹಸಿರು ಬಳೆ

ನೀಲಗಂಗವ್ವನ ಮುಂಗೈಯ ಹಸಿರು ಬಳೆ ಬೆಳಗಿನ ಚಹಾಕ್ಕೂ ಮೊದಲೇ ತನ್ನ ಪಾಲಿನ ರಕ್ತ ಕುಡಿಯುತ್ತಿತ್ತು. ಸೊಳ್ಳೆಯೂ ನಾಚುವಷ್ಟು ಸಣ್ಣ ಸೂಜಿ. ಚುಚ್ಚಿದ್ದು ಚರ್ಮಕ್ಕೇ ಗೊತ್ತಾಗುತ್ತಿರಲಿಲ್ಲ.

ಗುಳೇದಗುಡ್ಡದಲ್ಲಿ ಖಣ ನೇಯುತ್ತ, ಒಲೆಯ ಹೊಗೆ ನುಂಗುತ್ತ ಮುದುಕಿಯಾದ ಆಕೆಯ ಶ್ವಾಸಕೋಶದಿಂದ ವೈದ್ಯರು ಕ್ಯಾನ್ಸರ್ ಗಡ್ಡೆಯೊಂದನ್ನು ತೆಗೆದಿದ್ದರು. ಅದು ಕುಂಬಳಕಾಯಿಯಷ್ಟಿತ್ತೆಂದು ಆಕೆ ಊರಿಗೆಲ್ಲ ಸಾರಿದ್ದಳು.

"ತಗದಮ್ಯಾಗ ಮತ್ತ ಈ ಬೇಡಿ ಯಾಕ, ಡಾಕ್ಟರವ್ವ?"

"ಮಗ್ಗದಿಂದ ಎಳಿ ಉದರತಾವಲ್ಲ ಅಜ್ಜಿ, ಹಂಗ ಗಡ್ಡಿಯ ಕಣ ಸಾಯೂವಾಗ ಅದರ ಡಿಎನ್‌ಎ ಚೂರು ರಕ್ತಕ್ಕ ಬೀಳತಾವ," ಎಂದರು ಡಾ. ತಬಸ್ಸುಮ್. "ನಿಮ್ಮ ಗಡ್ಡಿಯ ನೇಯ್ಗಿ ಈ ಕುರುಹುಬಳಿಗೆ ಗೊತ್ತೈತಿ. ಅದು ಮತ್ತ ಹುಟ್ಟಿದರ ಸ್ಕ್ಯಾನಿಗೆ ಕಾಣೂ ಮೊದಲ ಬಳಿ ಕೆಂಪಾಗತೈತಿ."

ಸದ್ದು ಮಾಡಿದರೆ ರೋಗಿ ಬೆದರುತ್ತಾರೆಂದು ಬಳೆ ಮಾಡಿದ ಎಂಜಿನಿಯರರು ಬಣ್ಣವೊಂದನ್ನೇ ಇಟ್ಟಿದ್ದರು. ಹೆಂಗಸರಿಗೆ ಹಸಿರು ಒಪ್ಪುತ್ತದೆಂದು ತೀರ್ಮಾನಿಸಿದವರೂ ಅವರೇ. ನೀಲಗಂಗವ್ವನಂಥ ವಿಧವೆಯ ಬರಿಗೈ ಯಾರ ನೆನಪಿಗೂ ಬಂದಿರಲಿಲ್ಲ.

ನೆಗೆಣ್ಣಿ ಕಾಶವ್ವ ಮೊದಲ ದಿನವೇ ಬಾಗಿಲಿಗೆ ಬಂದಳು. "ಯಾರನ್ನ ಮಾಡ್ಕೊಂಡಿ, ನೀಲಾ?"

"ಯಮನ್ನ. ಕ್ವಾಣ ಕಟ್ಟಾಕ ಜಾಗಾ ಇಲ್ಲಂತ ಇನ್ನೂ ಮನೀಗೆ ಕರದಿಲ್ಲಕ್ಕಾ."

ಬಾಯಿಯೇನೋ ಜೋರು. ಆದರೆ ಅಂದಿನಿಂದ ಆಕೆ ಬಳೆಗೆ ಖಣದ ಚಿಂದಿ ಸುತ್ತಿಟ್ಟಳು. ಒಳಗೆ ಬಣ್ಣ ಏನಾಗಿದೆಯೋ ಎಂದು ಬೆರಳು ತುರಿಸುತ್ತಿತ್ತು. ಬಿಚ್ಚಲು ಮಾತ್ರ ಎದೆ ಒಪ್ಪುತ್ತಿರಲಿಲ್ಲ.

ಮೊಮ್ಮಗಳ ಕುಬಸ ಬಂತು. ಬಸುರಿಗೆ ಬಳೆ ತೊಡಿಸುತ್ತಿದ್ದಾಗ, ಮೂಲೆಯಲ್ಲಿ ಕೂತಿದ್ದ ನೀಲಗಂಗವ್ವನ ಕೈಯ ಚಿಂದಿ ಜಾರಿತು. ಮನೆ ತುಂಬ ಹೆಂಗಸರಿದ್ದರೂ ಅದು ಬಿದ್ದದ್ದು ಕಾಶವ್ವನ ಕಣ್ಣಿಗೇ.

"ನೋಡ್ರೆಬೇ! ಅವತ್ತ ಹಸರು, ಇವತ್ತ ಕೆಂಪು! ಮುದುಕಿಗೆ ಸೀರಿಗೊಂದು ಬಳಿ ಬೇಕಾಗೇತಿ!"

ಮಾಳಿಗೆ ಹಾರಿಹೋಗುವಂತೆ ಎಲ್ಲರೂ ನಕ್ಕರು. ನೀಲಗಂಗವ್ವ ಕೈ ನೋಡಿಕೊಂಡಳು. "ಅಕ್ಕಾ, ಗಾಡಿ ತರಸು. ದವಾಖಾನಿಗೆ ಹೋಗಬೇಕು."

ಬಳೆ ಕೆಂಪಾದದ್ದು ಶೋಕಿಗಲ್ಲ, ರೋಗಕ್ಕೆ ಎಂದು ಆಗ ಕಾಶವ್ವನಿಗೂ ತಿಳಿಯಿತು. ಚಪ್ಪಲಿ ಮೆಟ್ಟುವುದನ್ನೂ ಮರೆತು ಬೀದಿಗೆ ಓಡಿದಳು.

ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ರಕ್ತದಲ್ಲಿ ಮಾತ್ರ ಗಡ್ಡೆಯ ಚೂರುಗಳು ತೇಲುತ್ತಿದ್ದವು. ಔಷಧ ಅಂದೇ ಶುರುವಾಯಿತು. ಕೆಲವು ತಿಂಗಳಲ್ಲಿ ಬಳೆ ಮತ್ತೆ ಹಸಿರಾಯಿತು.

ಆಕೆ ಬಳೆಯನ್ನು ಮುಚ್ಚಿಟ್ಟಿದ್ದ ವಿಷಯ ತಿಳಿದ ಎಂಜಿನಿಯರರು ನಾಚಿ, ವಿಧವೆಯರಿಗೆಂದೇ, ಯಾರ ಕಣ್ಣಿಗೂ ಬೀಳದ ಬೂದು ಪಟ್ಟಿಯೊಂದನ್ನು ಮಾಡಿ ಕಳಿಸಿದರು. ಡಾಕ್ಟರು ಅದನ್ನು ಹೆಮ್ಮೆಯಿಂದ ಮುಂದೆ ಹಿಡಿದರು. ನೀಲಗಂಗವ್ವ ಹಿಂದೆ ಮುಂದೆ ತಿರುಗಿಸಿ ನೋಡಿ ಮರಳಿ ಕೊಟ್ಟಳು.

"ಬ್ಯಾಡ ತಾಯಿ. ಇದನ್ನ ನಮ್ಮ ಕಾಶಕ್ಕ ತಿರುಗಿ ಸುದ್ದಾ ನೋಡೂದಿಲ್ಲ."