ಹೂದಾನಿಯ ಮೇಲಿನ ಎರಡು ಅಕ್ಷರ

"ಇದು 1934ನೇ ಇಸವಿಯದು! ಬರೀ ಇಪ್ಪತ್ತು ವರ್ಷದ ಮಾಲು!"

ಹೆಣ್ಣು ನೋಡಲು ಬಂದವನ ಬಾಯಿಂದ ಉದುರಿದ ಮೊದಲ ಮುತ್ತು ಇದು.

ಶರಬತ್ತಿನ ತಟ್ಟೆ ಹಿಡಿದು ಬಾಗಿಲಿಗೆ ಬಂದ ಜಾಹಿದಾ ಅಲ್ಲೇ ನಿಂತುಬಿಟ್ಟಳು. ಗುಂಡ್ಲುಪೇಟೆಯ ಲಿಯಾಕತ್ ಅಲಿ ಗೂಡಿನಲ್ಲಿದ್ದ ಪಿಂಗಾಣಿ ಹೂದಾನಿಗೆ ಮೂಗು ತಗುಲುವಷ್ಟು ಬಾಗಿ, ಅದರ ಮೈಮೇಲಿದ್ದ ಎರಡು ಚೀನೀ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದ. ತಲೆ ಎತ್ತಿದವನು ಅವಳನ್ನು ನೋಡಿ ನಕ್ಕ. ಎಂಥ ನಗು ಅದು! ಪರೀಕ್ಷೆ ಪಾಸಾದವನ ನಗು.

"ರಂಗೂನಿನಲ್ಲಿ ಚೀನೀ ಸಾಹುಕಾರರ ಅಂಗಡೀಲಿ ಬೆಳೆದೆ. ನಾನು ಸೇರಿದ್ದು 34ರಲ್ಲಿ, ಆ ವರ್ಷ ಪ್ರತಿ ಪೆಟ್ಟಿಗೆ ಮೇಲೂ ಇದೇ ಎರಡು ಅಕ್ಷರ ಇತ್ತು. ಇದು ವರ್ಷದ ಹೆಸರು. ಕಣ್ಣು ಮುಚ್ಚಿ ಹೇಳ್ತೀನಿ."

ಪಾಪ, ತಾನು ಏನು ಹೇಳಿದೆನೆಂದು ಅವನಿಗೆ ಗೊತ್ತೇ ಇರಲಿಲ್ಲ.

ಜಾಹಿದಾಳ ಅಜ್ಜಿ ರಹಮತ್ ಬಿ ಆ ಹೂದಾನಿಯ ಕಥೆ ಹೇಳದ ದಿನವೇ ಇರಲಿಲ್ಲ. ನಿಕಾಹ್ ಆದ ವರ್ಷ ಗಂಡ ರಂಗೂನಿನಿಂದ ಮಡಿಲಲ್ಲಿಟ್ಟುಕೊಂಡು ತಂದಿದ್ದನಂತೆ. ಚಾಮರಾಜನಗರದ ಅವರ ಓಣಿಗೆಲ್ಲ ಗೊತ್ತಿದ್ದ ಕಥೆ. ಆ ಗಂಡ ತೀರಿಕೊಂಡದ್ದು 1925ರಲ್ಲಿ. ಸತ್ತು ಒಂಬತ್ತು ವರ್ಷವಾದ ಮೇಲೆ ಯಾರು ಹೂದಾನಿ ತಂದಾರು?

ಅಲ್ಲೇ ಕೂತಿದ್ದ ರಹಮತ್ ಬಿ ವಾದಿಸಲಿಲ್ಲ. "ಓದು ಬಲ್ಲವರು ಹೇಳಿದ ಮೇಲೆ ನಾನೇನು ಹೇಳಲಿ, ಬೇಟಾ..." ಎಂದು ಎದ್ದು ಒಳಗೆ ಹೋದಳು.

ಜಾಹಿದಾಳ ಕಣ್ಣು ಕೆಂಪಾಯಿತು. "ನಮ್ಮ ದಾದಿಮಾ ಸುಳ್ಳು ಹೇಳ್ತಾರೆ ಅಂತೀರಾ?"

"ಅಯ್ಯೋ, ಇಲ್ಲ... ನಾನು ಅಕ್ಷರದಲ್ಲಿ ಇದ್ದದ್ದನ್ನ ಹೇಳಿದೆ, ಅಷ್ಟೇ..."

"ಹಾಗಾದ್ರೆ ಆ ಅಕ್ಷರಾನೇ ಮದುವೆ ಆಗಿ!"

ಸಂಬಂಧ ತಂದಿದ್ದ ಸೋದರಮಾವ ಬಷೀರ್ ಅಹಮದ್ ತಲೆ ಚಚ್ಚಿಕೊಂಡ. ಶರಬತ್ತು ಕುಡಿಯದೆಯೇ ಲಿಯಾಕತ್ ಬಸ್ಸು ಹತ್ತಿದ.

ಹೂದಾನಿ ಟ್ರಂಕು ಸೇರಿತು. ಅಜ್ಜಿ ಕಥೆ ಹೇಳುವುದನ್ನು ಬಿಟ್ಟಳು. ಜಾಹಿದಾಳಿಗೆ ಊಟ ರುಚಿಸುತ್ತಿರಲಿಲ್ಲ. 'ದಾದಿಮಾ ಕಥೆ ಕಟ್ಟಿದ್ದಳೇ? ಛೇ, ನಾನೇ ಹೀಗೆ ಯೋಚಿಸೋದಾ...' ಎಂದುಕೊಳ್ಳುವಳು. ಮರುಕ್ಷಣ ಬೇಡವೆಂದರೂ ಆ ನಗು ಕಣ್ಣ ಮುಂದೆ ಬರುವುದು. ಕೋಪ ಬಂದಷ್ಟೂ ಬೇಗ ನೆನಪಾಗುವುದು! ಇದೆಂಥ ಕೋಪವೋ, ನೀವೇ ಹೇಳಿ.

ಒಂದು ವಾರ ಕಳೆಯಿತು. ಮನೆಯ ಮುಂದಿನ ಅಬ್ಬಾನ ಕಲಾಯಿ ಅಂಗಡಿಗೆ ಉಡಿಗಾಲದ ಚಿಕ್ಕಮಲ್ಲಪ್ಪ ತಾಮ್ರದ ಹಂಡೆ ಹೊತ್ತು ಬಂದ. ಹಂಡೆ ಇಳಿಸಿಕೊಳ್ಳಲು ಬಂದವಳು ಜಾಹಿದಾ. ಅವನ ಮುಖದಲ್ಲಿ ಹಬ್ಬ.

"ಮೊಮ್ಮಗ ಉಟ್ಟವ್ನೆ ಕಣಮ್ಮಿ! ಜಯ ಸಂವತ್ಸರದಾಗೆ. ನಾನೂವೆ ಜಯ ಸಂವತ್ಸರದಾಗೇ ಉಟ್ಟಿದ್ದು!"

"ಅದು ಹೇಗೆ ಅಜ್ಜ? ನಿಮಗೂ ಮಗೂಗೂ ಒಂದೇ ವರ್ಷವಾ?"

"ಅರವತ್ ವರ್ಸಕ್ಕೆ ಒಂದ್ ಸುತ್ತು ಕಣಮ್ಮಿ. ಎಸ್ರು ಅದೇ ಬತ್ತದೆ, ವರ್ಸ ಬ್ಯಾರೆ. ಎಸ್ರು ಒಂದೇ ಅಂತ ನನ್ನೂ ತೊಟ್ಲಿಗಾಕ್ಬುಡ್ತೀಯಾ?"

ಜಾಹಿದಾ ನಗಲಿಲ್ಲ. ಹಂಡೆ ಹಿಡಿದ ಕೈ ಹಾಗೇ ನಿಂತಿತು. 'ವರ್ಷದ ಹೆಸರು... ಅವನೂ ಹಾಗೇ ಅಂದಿದ್ದನಲ್ಲ!'

ಮರುದಿನ ಬೆಳಿಗ್ಗೆ ಗುಂಡ್ಲುಪೇಟೆ ಬಸ್ಸಿನಲ್ಲಿ ಅವಳ ಮಡಿಲಲ್ಲಿ ರಜಾಯಿ ಸುತ್ತಿದ ಹೂದಾನಿ, ಪಕ್ಕದಲ್ಲಿ ಬಷೀರ್ ಮಾಮು.

"ಜಗಳಕ್ಕೆ ಹೋಗ್ತಿದೀಯೋ, ಸಂಬಂಧಕ್ಕೋ?"

"ಜಗಳಕ್ಕೇ ಮಾಮು!" ಎಂದಳು. ಆದರೂ ಎರಡು ಸಲ ದುಪಟ್ಟಾ ಸರಿಮಾಡಿಕೊಂಡಳು.

ಊಟಿಯ ಬಂಗಲೆಗಳಿಂದ ಬಂದ ಒಡೆದ ಪಿಂಗಾಣಿಗೆ ಹಿತ್ತಾಳೆ ಕೊಕ್ಕೆ ಹಾಕಿ ಕೂಡಿಸುವುದು ಲಿಯಾಕತ್‌ನ ಕಸುಬು. ಅವಳನ್ನು ಕಂಡದ್ದೇ ಕೈಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ.

"ಒಂದೇ ಪ್ರಶ್ನೆ," ಎಂದಳು ಜಾಹಿದಾ. "ಚೀನದೋರ ವರ್ಷದ ಹೆಸರು ಸುತ್ತಿ ಮತ್ತೆ ಬರುತ್ತಾ?"

"ಹಾಗೇನಿಲ್ಲ..." ಎಂದವನು ಅರ್ಧಕ್ಕೇ ನಿಲ್ಲಿಸಿದ. ಮುಖ ಬಿಳಿಚಿತು. "ಸಾಹುಕಾರರಿಗೆ ಅರವತ್ತು ತುಂಬಿದಾಗ ಬೀದಿಗೆಲ್ಲ ಊಟ ಹಾಕಿಸಿದ್ರು. 'ನಾನು ಹುಟ್ಟಿದ ವರ್ಷ ತಿರುಗಿ ಬಂತು' ಅಂತ ಕುಣಿದಿದ್ರು... ಯಾ ಅಲ್ಲಾ! ನಮ್ಮ ಅಂಗಡಿಗೆ ಬರ್ತಿದ್ದದ್ದೆಲ್ಲ ಹೊಸ ಮಾಲು. ಅದಕ್ಕೂ ಹಿಂದೆ ಇದೇ ಹೆಸರಿನ ವರ್ಷ ಇತ್ತು ಅಂತ ನನಗೆ ಹೊಳೀಲೇ ಇಲ್ಲ!"

"ಹಾಗಾದ್ರೆ ಇದು ಯಾವ ಸುತ್ತಿನದು?"

"ಅಕ್ಷರ ಅದನ್ನ ಹೇಳೋಲ್ಲ. ಹೂದಾನೀನೇ ಹೇಳಬೇಕು."

ಭೂತಗನ್ನಡಿ ತೆಗೆದುಕೊಂಡು ಹೂದಾನಿಯನ್ನು ಮಗುವಿನಂತೆ ಮಲಗಿಸಿದ. ಅಡಿಯ ಅಂಚು ನೋಡಿದ. ಬಾಯಿ ಸುತ್ತಲಿನ ಚಿನ್ನದ ಗೆರೆ ನೋಡಿದ. ಜಾಹಿದಾ ಎದುರಿಗೆ ಬಾಗಿ ಕೂತಳು. ಅಜ್ಜಿಯ ಮಾತೆಲ್ಲ ಈಗ ಆ ಗಾಜಿನ ತುದಿಯಲ್ಲಿತ್ತು.

"ಅಡಿ ಮುಟ್ಟಿ ನೋಡಿ. ಇಷ್ಟು ನುಣ್ಣಗೆ ಸವೆಯೋಕೆ ಇಪ್ಪತ್ತು ವರ್ಷ ಸಾಲದು. ಚಿನ್ನವೂ ಒರೆಸಿ ಒರೆಸಿ ಹೋಗಿದೆ. ಇದು ಹಿಂದಿನ ಸುತ್ತಿನದು, 1874. ನಿಮ್ಮ ದಾದಾ ತರೋ ಹೊತ್ತಿಗೇ ಹಳೇದಾಗಿತ್ತು. ಅಂಥದ್ದನ್ನ ಹುಡುಕಿ ತಂದಿದಾರೆ."

ಜಾಹಿದಾ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. "ನಾನೂ... ನಾನೂ ದಾದಿಮಾ ಮೇಲೆ ಅನುಮಾನಪಟ್ಟೆ..."

ಬಷೀರ್ ಮಾಮುಗೆ ಇದ್ದಕ್ಕಿದ್ದಂತೆ ಬೀಡಿ ಸೇದಬೇಕೆನಿಸಿತು; ಹೊರಗೆ ಹೋದ. ಜಾಣ!

"ಅಳಬೇಡಿ. ತಪ್ಪೆಲ್ಲ ನಂದು," ಎಂದ ಲಿಯಾಕತ್. "ಆವತ್ತು ನಿಮ್ಮ ಗೆಜ್ಜೆ ಸದ್ದು ಕೇಳಿಸ್ತು. ನೀವು ಬರೋದ್ರೊಳಗೆ ಏನಾದ್ರೂ ದೊಡ್ಡದಾಗಿ ಹೇಳಿಬಿಡಬೇಕು ಅನ್ನಿಸ್ತು. ಅಕ್ಷರ ಓದಿದೆ, ಹೂದಾನಿ ನೋಡಲಿಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಕೋಪ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

"ಈಗಲೇ ಬರ್ತೀನಿ," ಎಂದ. "ದಾದಿಮಾ ಎದುರಿಗೆ ಕೂತು ಮಾಫಿ ಕೇಳ್ತೀನಿ. ನಿಮ್ಮ ಓಣಿಯೋರೆಲ್ಲ ಕೇಳಿಸಿಕೊಳ್ಳಲಿ."

"ಕೇಳಿ." ಅವಳು ರಜಾಯಿಯನ್ನು ಹೂದಾನಿಗೆ ಸುತ್ತತೊಡಗಿದಳು. "ಅವರು ಮಾಫ್ ಮಾಡಿದ ಮೇಲೆ ಇನ್ನೊಂದನ್ನೂ ಕೇಳಿ."

"ಏನನ್ನ?"

ಜಾಹಿದಾ ತಲೆ ಎತ್ತಲಿಲ್ಲ.

"ನನ್ನನ್ನ."