ಗೋಡೆಯಿಂದ ಹೋದ ಮುಖಗಳು

ನವೆಂಬರ್ ಹದಿನೆಂಟರ ಬೆಳಿಗ್ಗೆ ಪಾಳ್ಯದ ದ್ರಾಕ್ಷಾಯಣಮ್ಮ ಎಂಬ ವಯಸ್ಸಾದ ಹೆಂಗಸು ಮೊಮ್ಮಗಳ ಜೊತೆ ಆಲೂರು ಠಾಣೆಗೆ ಬಂದು, ಮನೆಯಲ್ಲಿ ಕಳವಾಗಿದೆ ಎಂದರು. ಏನೇನು ಹೋಗಿದೆ ಎಂದು ಹೆಡ್ ಕಾನ್‌ಸ್ಟೇಬಲ್ ದೇವೇಂದ್ರ ಕೇಳಿದ.

“ನಮ್ಮ ಯಜಮಾನ್ರ ಫೋಟೋ.”

“ಮತ್ತೆ?”

“ಅಷ್ಟೇ ಕಣಪ್ಪ.”

ದೇವೇಂದ್ರ ಪೆನ್ನಿಗೆ ಮುಚ್ಚಳ ಹಾಕಿದ. ಮನೆಯವರೇ ಯಾರೋ ತೆಗೆದಿಟ್ಟಿರುತ್ತಾರೆ, ಅಟ್ಟದ ಮೇಲೆ ಹುಡುಕಿ ಎಂದ. ಮೊಮ್ಮಗಳು ಸ್ನೇಹಾ ಹಾಸನದ ಕಾಲೇಜಿನಲ್ಲಿ ಓದುವವಳು. ಮೂರು ದಿನದಿಂದ ಹುಡುಕಿ ಸಾಕಾಗಿಯೇ ಬಂದಿದ್ದೇವೆ ಎಂದಳು.

ಒಳಕೋಣೆಯಿಂದ ಸಬ್ ಇನ್‌ಸ್ಪೆಕ್ಟರ್ ಗಂಗಾಮಣಿ ಇಬ್ಬರನ್ನೂ ಕರೆಸಿಕೊಂಡರು.

“ಇನ್ನೊಂದು ಪ್ರತಿ ಇಲ್ವಾ ಅಜ್ಜಿ?”

“ಇಲ್ಲ ಕಣಮ್ಮ. ಅವರು ಬದುಕಿದ್ದಾಗ ತೆಗೆಸಿದ್ದು ಅದೊಂದೇಯ. ದಿನಾ ಬೆಳಗ್ಗೆ ಅದಕ್ಕೆ ವಿಭೂತಿ ಇಟ್ಟು ಆಮೇಲೆ ಬಾಯಿಗೆ ನೀರು ಹಾಕ್ತಿದ್ದೆ. ಈಗ ಮೂರು ದಿನದಿಂದ ಬರೀ ಮೊಳೆಗೆ ಇಡ್ತಾ ಇವ್ನಿ.”

ಗಂಗಾಮಣಿ ಎಫ್‌ಐಆರ್ ದಾಖಲಿಸಲು ಹೇಳಿದರು. ವಾಸದ ಮನೆಯಲ್ಲಿ ಕಳವು, ಭಾರತೀಯ ನ್ಯಾಯ ಸಂಹಿತೆಯ ಕಲಂ 305.

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಭತ್ತದ ಕೊಯ್ಲಿನ ದಿನ ಎಲ್ಲರೂ ಗದ್ದೆಗೆ ಹೋಗಿದ್ದಾಗ ಆದ ಕೆಲಸ. ಹಿತ್ತಿಲ ಬಾಗಿಲಿನ ಚಿಲಕ ಸಂದಿಯಿಂದ ಕೈ ಹಾಕಿದರೆ ಸಿಗುತ್ತಿತ್ತು. ಪಕ್ಕದ ಕೋಣೆಯ ಬೀರುವಿಗೆ ಬೀಗವಿರಲಿಲ್ಲ, ಒಳಗೆ ಎರಡೆಳೆ ಸರವಿತ್ತು, ಯಾರೂ ಮುಟ್ಟಿರಲಿಲ್ಲ. ಫೋಟೋಗೆ ಹಾಕಿದ್ದ ಗಂಧದ ಚಕ್ಕೆಯ ಹಾರವನ್ನು ಕಳ್ಳರು ತೆಗೆದು, ಮಡಿಸಿ, ಬೆಂಚಿನ ಮೇಲೆ ಇಟ್ಟಿದ್ದರು.

“ಇದ್ಯಾವ ಥರದ ಕಳ್ಳ ಮೇಡಂ?” ಎಂದ ದೇವೇಂದ್ರ.

“ಹಾರಕ್ಕೆ ಮರ್ಯಾದೆ ಕೊಡೋನು,” ಎಂದರು ಗಂಗಾಮಣಿ. “ಅದನ್ನೂ ಬರ್ಕೋ.”

ಮುಂದಿನ ವಾರ ಆನೇಮಹಲ್‌ನಿಂದ ಅದೇ ಬಗೆಯ ಇನ್ನೊಂದು ಸುದ್ದಿ ಬಂತು. ಹೆದ್ದಾರಿ ಬದಿಯ ದಿನಸಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ್ದ ಮಾಲೀಕನ ತಂದೆಯ ಫೋಟೋ ಹೋಗಿತ್ತು. ಗಲ್ಲಾದ ಹಣ ಹಾಗೇ ಇತ್ತು. ಅದು ಆಲೂರು ಠಾಣೆಯ ಸರಹದ್ದಲ್ಲ. ಆದರೂ ಅಲ್ಲಿನವರಿಗೆ ತಿಳಿಸಿ ಗಂಗಾಮಣಿ ಹೊರಟರು. ಅಂಗಡಿಯವನ ಹೆಸರು ಪ್ರವೀಣ್.

“ಅವತ್ತು ಹೊಸಬರು ಯಾರಾದ್ರೂ ಬಂದಿದ್ರಾ?”

“ಸ್ಕೂಟರಲ್ಲಿ ಒಂದು ಹುಡುಗಿ ಬಂದಿತ್ತು. ಫೋಟೋದಲ್ಲಿರೋರು ಯಾರು ಅಂತು. ನಮ್ಮಪ್ಪ ರಾಮಯ್ಯ ಅಂದೆ. ಅಣ್ಣ ತಮ್ಮ ಎಲ್ಲ ಒಂದೇ ಥರ ಇದ್ರಾ ಅಂತು. ಹೌದು, ಪಾಳ್ಯದ ನಮ್ಮ ದೊಡ್ಡಪ್ಪ ಸಿದ್ದಯ್ಯನೂ ಹಿಂಗೇ ಅಂದೆ. ಯಾವ್ದೋ ಸಂಬಂಧ ವಿಚಾರ್ಸೋಕೆ ಬಂದೈತೆ ಅನ್ಕಂಡೆ ಕಣ್ರೀ ಮೇಡಂ.”

“ಆಮೇಲೆ?”

“ಐದು ಕೆಜಿ ಬೆಲ್ಲ ಅಂತು. ಒಳಗೆ ಹೋಗಿ ತೂಕ ಮಾಡ್ಕಂಡು ಬರೋ ಹೊತ್ಗೆ ಹೋಗ್ಬುಟ್ಟಿತ್ತು.”

ಅಂಗಡಿಯ ಕ್ಯಾಮೆರಾದ ದೃಶ್ಯವನ್ನು ದೇವೇಂದ್ರ ಎರಡು ಸಲ ಓಡಿಸಿ ನೋಡಿದ. ಹುಡುಗಿ ಹೆಲ್ಮೆಟ್ ತೆಗೆದಿರಲಿಲ್ಲ. ಫೋಟೋವನ್ನು ಇಳಿಸುವ ಮೊದಲು ಅವಳು ಚೀಲದಿಂದ ಬಣ್ಣಬಣ್ಣದ ಚೌಕಗಳಿದ್ದ ಒಂದು ರಟ್ಟು ತೆಗೆದು ಫೋಟೋದ ಪಕ್ಕ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದಳು. ಅದನ್ನು ನೋಡಿಕೊಂಡು, ಸರಿ ಬರಲಿಲ್ಲ ಎಂಬಂತೆ ತಲೆ ಅಲ್ಲಾಡಿಸಿದಳು. ಆಮೇಲೆ ಫ್ರೇಮನ್ನೇ ಇಳಿಸಿಕೊಂಡು ಹೋದಳು.

ವಾಪಸ್ ಬರುವಾಗ ಗಂಗಾಮಣಿ ಜೀಪನ್ನು ಪಾಳ್ಯದ ಕಡೆ ತಿರುಗಿಸಲು ಹೇಳಿದರು. ಆ ಸಿದ್ದಯ್ಯನೇ ದ್ರಾಕ್ಷಾಯಣಮ್ಮನ ಗಂಡ, ಹೋದ ಎರಡು ಫೋಟೋಗಳೂ ಅಣ್ಣ ತಮ್ಮಂದಿರವು. ಮೂರನೆಯದು ಯಾರದಿರಬಹುದು ಎಂಬುದು ಅವರಿಗೆ ಬೇಕಾಗಿತ್ತು.

“ನಿಮ್ಮನೇಲಿ ತೀರಿಹೋದೋರು ಇನ್ಯಾರಿದಾರೆ ಅಜ್ಜಿ?”

ದ್ರಾಕ್ಷಾಯಣಮ್ಮ ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋದರು. ಸ್ನೇಹಾ ಜಗಲಿಯ ಮೇಲೆ ದನಿ ತಗ್ಗಿಸಿ ಹೇಳಿದಳು.

“ದೊಡ್ಡಪ್ಪ ಒಬ್ರು ಇದ್ರಂತೆ, ಕುಮಾರ್ ಅಂತ. ನಾನು ಹುಟ್ಟೋಕೆ ಮುಂಚೇನೇ ಲಾರಿ ಅಪಘಾತದಲ್ಲಿ ತೀರ್ಕಂಡ್ರಂತೆ.”

“ಅವರ ಫೋಟೋ?”

“ಇಲ್ಲ. ಕಾಫಿ ಎಸ್ಟೇಟಿನ ಕೂಲಿ ಲೈನಿನ ಹುಡುಗೀನ ಮದ್ವೆ ಆಗಿ ಮನೆ ಬಿಟ್ರಂತೆ. ಅವತ್ತು ತಾತ ಅವರದ್ದಿದ್ದ ಫೋಟೋ ಎಲ್ಲಾನೂ ಒಲೆಗೆ ಹಾಕಿದ್ರಂತೆ.”

“ಆ ಹುಡುಗಿ ಎಲ್ಲಿದಾಳೆ?”

“ಗೊತ್ತಿಲ್ಲ ಮೇಡಂ. ಮಗು ಒಂದು ಇತ್ತು ಅಂತಾರೆ. ಆ ಮಾತು ನಮ್ಮನೇಲಿ ಎತ್ತಂಗಿಲ್ಲ.”

ಯಾವ ಎಸ್ಟೇಟ್ ಎಂಬುದು ಯಾರಿಗೂ ನೆನಪಿರಲಿಲ್ಲ. ದೇವೇಂದ್ರ ಮೂರ್ನಾಲ್ಕು ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರುಗಳನ್ನು ವಿಚಾರಿಸಿದ. ಹಳೇ ಕೆಲಸಗಾರರು ಚೆದುರಿ ಹೋಗಿದ್ದರು. ತನಿಖೆ ಅಲ್ಲಿಗೆ ನಿಂತಿತು.

ಡಿಸೆಂಬರ್ ಹನ್ನೆರಡರಂದು ಸ್ನೇಹಾ ಠಾಣೆಗೆ ಫೋನ್ ಮಾಡಿದಳು. ಹಾಸ್ಟೆಲಿನ ಗೆಳತಿಯೊಬ್ಬಳು ಮೊಬೈಲಿನಲ್ಲಿ ಹೊಸ ವಿಡಿಯೋ ಗೇಮ್ ಒಂದರ ಜಾಹೀರಾತು ತೋರಿಸಿದ್ದಳು. ಭೂಮಿ ಬಿಟ್ಟು ಬೇರೆ ನಕ್ಷತ್ರಕ್ಕೆ ಹೊರಟ ಹಡಗಿನ ಕತೆ. ಹಡಗಿನಲ್ಲಿರುವ ಪಾತ್ರಗಳ ಮುಖಗಳನ್ನು ಕಂಪನಿಯವರು ಒಂದೊಂದಾಗಿ ಹಾಕುತ್ತಿದ್ದರು. ಸ್ನೇಹಾ ಕಳಿಸಿದ ಚಿತ್ರವನ್ನು ಗಂಗಾಮಣಿ ದೊಡ್ಡದು ಮಾಡಿ ನೋಡಿದರು. ಹಡಗಿಗೆ ದಾರಿ ತೋರಿಸುವ ಮುದುಕ. ಗಂಟಲಿಗೆ ಉಸಿರಾಟದ ಕೊಳವೆ. ಹಣೆಯಲ್ಲಿ ಬೆಳಕಿನ ಮೂರು ಅಡ್ಡಗೆರೆ.

“ಇದು ನಿಮ್ಮ ತಾತ ಅಂತ ಹೆಂಗೆ ಹೇಳ್ತೀಯ?”

“ಬಲಗಿವಿ ನೋಡಿ ಮೇಡಂ. ಕೆಳಗೆ ಹರಿದಿದೆ. ತಾತಂಗೆ ಎತ್ತು ಹಾಯ್ದು ಹಂಗೇ ಹರಿದಿತ್ತು. ಇಂಥದ್ದನ್ನ ಯಾರು ಊಹೆ ಮಾಡಿ ಬರೀತಾರೆ?”

ಗೇಮ್ ಕಂಪನಿಗೆ ನೋಟಿಸ್ ಹೋಯಿತು. ಎರಡು ದಿನ ಬಿಟ್ಟು ಅಲ್ಲಿಯ ವ್ಯವಸ್ಥಾಪಕ ಫೋನಿನಲ್ಲಿ ಮಾತಾಡಿದ. ಮುಖಗಳನ್ನೆಲ್ಲ ಹೊರಗಿನ ಒಬ್ಬ ಕಲಾವಿದೆಗೆ ವಹಿಸಿದ್ದೇವೆ, ಒಳ್ಳೆಯ ಕೈ, ಉಳಿದವೆಲ್ಲ ಬಂದಿವೆ, ಕ್ಯಾಪ್ಟನ್ನಿನ ಮುಖ ಒಂದನ್ನೇ ಇವತ್ತು ನಾಳೆ ಎಂದು ತಳ್ಳುತ್ತಿದ್ದಾಳೆ ಎಂದ. ಹೆಸರು ನವ್ಯಶ್ರೀ ಕುಮಾರ್. ವಿಳಾಸ ಸಕಲೇಶಪುರ.

ಡಿಸೆಂಬರ್ ಹದಿನಾರರ ಬೆಳಿಗ್ಗೆ ಗಂಗಾಮಣಿ, ದೇವೇಂದ್ರ ಮತ್ತು ಇಬ್ಬರು ಪಂಚರು ಆ ವಿಳಾಸಕ್ಕೆ ಹೋದರು. ಮೆಣಸಿನ ಗೋಡೌನಿನ ಮೇಲೆ ಒಂದೇ ಕೋಣೆಯ ಮನೆ. ಬಾಗಿಲು ತೆರೆದವಳಿಗೆ ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸು. ಬಲಗೈಯಲ್ಲಿ ಎರಡೇ ಬೆರಳಿನ ಕಪ್ಪು ಗ್ಲೌಸ್ ಇತ್ತು, ಬೆರಳ ನಡುವೆ ಪೆನ್ನಿನಂಥ ಕಡ್ಡಿ. ಸಮವಸ್ತ್ರ ನೋಡಿ ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

“ಫೋಟೋಗಳು ಎಲ್ಲಿವೆ?”

“ಮಂಚದ ಮೇಲೆ.”

ದೇವೇಂದ್ರ ಶೋಧನೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಾ ಬಂದ. ಎರಡು ಫ್ರೇಮುಗಳೂ ಹಳೇ ಕಾಟನ್ ಸೀರೆಯಲ್ಲಿ ಸುತ್ತಿದ್ದವು. ಗಾಜು ಒಡೆದಿರಲಿಲ್ಲ. ಮೇಜಿನ ಮೇಲೆ ಸ್ಲೇಟಿನಂಥ ದೊಡ್ಡ ಪರದೆ ಓರೆಯಾಗಿ ನಿಂತಿತ್ತು. ಅದರ ಮೇಲೆಯೇ ಕಡ್ಡಿಯಿಂದ ಬರೆಯುತ್ತಿದ್ದಳು, ಕೈಯ ಅಂಚು ಪರದೆಗೆ ಅಂಟದಿರಲೆಂದು ಆ ಗ್ಲೌಸ್. ಪರದೆಯಲ್ಲಿ ನಡುವಯಸ್ಸಿನ ಗಂಡಸಿನ ಮುಖವಿತ್ತು. ಕಾಲರಿಗೆ ಹಡಗಿನ ಪಟ್ಟಿ, ಹಿಂದೆ ಕತ್ತಲು. ಕೋಟಿನ ಹೊಲಿಗೆಯೂ ಕಾಣುವಷ್ಟು ಕೆಲಸ ಮುಗಿದಿತ್ತು. ಮುಖ ಮಾತ್ರ ಬಣ್ಣದ ಮೇಲೆ ಬಣ್ಣ ಬಿದ್ದು ಮಸುಕಾಗಿತ್ತು.

“ಇದೇ ಕ್ಯಾಪ್ಟನ್ನಾ?” ಗಂಗಾಮಣಿ ಕೇಳಿದರು.

“ಹೌದು.”

“ಯಾರ ಮುಖ?”

ನವ್ಯಶ್ರೀ ಪರದೆಯ ಬದಿಯಲ್ಲಿ ಕಡ್ಡಿ ಮುಟ್ಟಿಸಿದಳು. ಚಿತ್ರ ಪದರ ಪದರವಾಗಿ ಕಳಚಿತು. ಒಂದು ಪದರದಲ್ಲಿ ಸಿದ್ದಯ್ಯನ ಹಣೆ ಮತ್ತು ಮೂಗು, ಇನ್ನೊಂದರಲ್ಲಿ ರಾಮಯ್ಯನ ದವಡೆ. ಉಳಿದವು ಅವಳೇ ಬರೆದು ಅಳಿಸಿ ಮತ್ತೆ ಬರೆದವು.

“ನಮ್ಮಪ್ಪನ್ನ ಬರೀತಿದೀನಿ,” ಎಂದಳು.

“ನಿಮ್ಮಪ್ಪ ಪಾಳ್ಯದ ಕುಮಾರ್.”

ಅವಳು ಹೌದೆಂದು ತಲೆಯಾಡಿಸಿದಳು.

“ನೀನು ಅವರನ್ನ ನೋಡಿಲ್ವಾ?”

“ಅಪ್ಪ ಹೋದಾಗ ನಂಗೆ ಎರಡು ವರ್ಷ. ಮದ್ವೆ ಫೋಟೋ ಒಂದಿತ್ತು. ಲೈನ್ ಮನೆ ಟ್ರಂಕಲ್ಲಿ ಬೂಷ್ಟು ಹಿಡಿದು ಮುಖ ಹೋಗಿ ಅಂಗಿ ಒಂದೇ ಉಳ್ಕಂಡಿತ್ತು. ಎಲ್ಲಾ ಮುಖಾನೂ ಬರೀತೀನಿ ಮೇಡಂ. ಕಿವಿರು ಇರೋ ಹೆಂಗಸು, ಕಬ್ಬಿಣದ ದವಡೆ ಇರೋ ಸಿಪಾಯಿ, ಯಾರೂ ಕಂಡಿರದ ಮುಖ ದಿನಕ್ಕೊಂದು ಬರೀತೀನಿ. ಅಪ್ಪಂದು ಬರ್ಲಿಲ್ಲ.”

“ನಿಮ್ಮಮ್ಮನ್ನ ಕೇಳಬಹುದಿತ್ತು.”

“ಕೇಳಿದ್ದೆ. ಆ ಮನೆಯೋರ ಮುಖಾನೇ ನಿಮ್ಮಪ್ಪಂದು ಅಂತಿದ್ಲು. ಅಷ್ಟು ಬಿಟ್ಟು ಹೆಚ್ಚಿಗೆ ಹೇಳ್ತಿರ್ಲಿಲ್ಲ. ಹೋದ ವರ್ಷ ಅವಳೂ ಹೋದ್ಲು.”

“ಪಾಳ್ಯಕ್ಕೆ ಹೋಗಿ ಕೇಳಿದ್ರೆ ಫೋಟೋ ತೋರಿಸ್ತಿರ್ಲಿಲ್ವಾ?”

“ಅಮ್ಮ ಸತ್ತ ದಿನ ಫೋನ್ ಮಾಡಿದ್ದೆ. ಚಿಕ್ಕಪ್ಪ ಎತ್ತಿದ್ರು. ಆ ಹೆಸರಿನೋರು ನಮ್ಮನೇಲಿ ಯಾರೂ ಹುಟ್ಟಿಲ್ಲ ಅಂದು ಇಟ್ಬುಟ್ರು.”

ಗಂಗಾಮಣಿ ಮುಂದಿನ ಪ್ರಶ್ನೆ ಕೇಳಿದರು.

“ಮೊಬೈಲಲ್ಲಿ ಚಿತ್ರ ತಗಂಡು ಬರಬಹುದಿತ್ತಲ್ಲ.”

“ಬಣ್ಣ ಸರಿಯಾಗಿ ಬರ್ಲಿ ಅಂತ ರಟ್ಟು ಹಿಡಿದು ತೆಗೆದೂ ನೋಡಿದೆ. ಗಾಜಿನ ಮೇಲೆ ಬೆಳಕು ಬೀಳುತ್ತೆ. ಚರ್ಮದ ಗೆರೆ ಬರಲ್ಲ. ವಾಪಸ್ ಇಡಬೇಕು ಅಂತಲೇ ಇದ್ದೆ. ಮುಖ ಸಿಕ್ಕಿರಲಿಲ್ಲ.”

“ತಾತನ ಮುಖಾನ ಗೇಮಿಗೆ ಕೊಟ್ಟಿದೀಯ.”

“ಕೈ ಪಳಗಲಿ ಅಂತ ಬರೆದಿದ್ದೆ. ಕಂಪನಿಯೋರು ನೋಡಿ ಇದೇ ಇರ್ಲಿ ಅಂದ್ರು.” ಕಡ್ಡಿಯನ್ನು ಮೇಜಿನ ಮೇಲಿಟ್ಟಳು. “ಚೆನ್ನಾಗಿ ಬಂದಿತ್ತು.”

ಜಪ್ತಿ ಪಂಚನಾಮೆಗೆ ಪಂಚರು ಸಹಿ ಹಾಕಿದರು. ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂದು ಗಂಗಾಮಣಿ ಕೇಳಿದಾಗ ನವ್ಯಶ್ರೀ ಯೋಚಿಸಿ, ಕೆಳಗಿನ ಗೋಡೌನಿನವರಿಗೆ ಹೇಳಿ ಎಂದಳು.

ಮಧ್ಯಾಹ್ನ ವಸ್ತು ಗುರುತಿಸಲು ದ್ರಾಕ್ಷಾಯಣಮ್ಮನನ್ನು ಠಾಣೆಗೆ ಕರೆಸಲಾಯಿತು. ಸ್ನೇಹಾ ಜೊತೆಗೆ ಬಂದಳು. ಸೀರೆಯ ಸುತ್ತು ಬಿಚ್ಚಿದಾಗ ಮುದುಕಿ ಫ್ರೇಮಿನ ಗಾಜನ್ನು ಸೆರಗಿನಿಂದ ಒರೆಸಿ, ಇವರೇ ಎಂದರು. ಗೋಡೆ ಬದಿಯ ಬೆಂಚಿನಲ್ಲಿ ಕೂತಿದ್ದ ನವ್ಯಶ್ರೀಯನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ.

“ಇವಳು ಕುಮಾರ್ ಮಗಳು ಅಜ್ಜಿ,” ಎಂದರು ಗಂಗಾಮಣಿ. ಬೇರೆ ರೀತಿ ಹೇಳುವುದು ಹೇಗೆಂದು ಅವರಿಗೆ ತೋಚಲಿಲ್ಲ.

ದ್ರಾಕ್ಷಾಯಣಮ್ಮ ಫ್ರೇಮನ್ನು ಮೇಜಿನ ಮೇಲಿಟ್ಟು ಕೂತರು. ಗಂಗಾಮಣಿ ಜಪ್ತಿ ಮಾಡಿದ ಪರದೆಯನ್ನು ಸೀಲ್ ಮಾಡುವ ಮೊದಲು, ಕ್ಯಾಪ್ಟನ್ನಿನ ಮುಖ ತೆರೆದು ಅವರ ಕಡೆ ತಿರುಗಿಸಿದರು.

“ಇದ್ಯಾರು?”

“ನಿಮ್ಮ ಮಗನ್ನ ಬರೆಯೋಕೆ ನೋಡಿದಾಳೆ. ಅದಕ್ಕೇ ಫೋಟೋ ತಗಂಡು ಹೋಗಿದ್ದು.”

ಮುದುಕಿ ಪರದೆಗೆ ಹತ್ತಿರ ಬಗ್ಗಿದರು. ಹಣೆ ನೋಡಿದರು, ಮೂಗು ನೋಡಿದರು.

“ಇದು ಕುಮಾರ ಅಲ್ಲ,” ಎಂದರು. “ಇದು ಅವರಪ್ಪ. ಈ ಕೆಳಗಿಂದು ನಮ್ಮ ಮೈದ್ನಂದು.”

ನವ್ಯಶ್ರೀ ತಲೆ ತಗ್ಗಿಸಿದಳು.

“ಕುಮಾರ ಈ ಗಂಡಸ್ರ ಹಂಗೆ ಇರ್ಲಿಲ್ಲ ಕಣಮ್ಮ. ನನ್ನ ಮುಖ ಹೊತ್ಕಂಡು ಹುಟ್ಟಿದ್ದ. ಒಂಚೂರೂ ಆಚೀಚೆ ಇಲ್ಲ. ಅದಕ್ಕೇ ಸಿಟ್ಟು ಬಂದಾಗೆಲ್ಲ ಇವರು ನಿನ್ನ ಮಗ ನಿನ್ನ ಮಗ ಅಂತಿದ್ರು.”

ಬೆಂಚಿನ ಮೇಲೆ ಕೂತವಳು ಕಣ್ಣೆತ್ತಿ ಮುದುಕಿಯ ಮುಖ ನೋಡಿದಳು. ಗಲ್ಲದ ಮೂಳೆ, ಮೇಲಕ್ಕೆ ಎಳೆದಂತಿದ್ದ ಹುಬ್ಬಿನ ತುದಿ, ಕಣ್ಣಿನ ಕೆಳಗಿನ ಗುಳಿ. ಗ್ಲೌಸಿಲ್ಲದ ಬಲಗೈ ಬೆರಳು ತೊಡೆಯ ಮೇಲೆ ಚಿತ್ರ ಬರೆಯುವಂತೆ ತಾನಾಗಿ ಓಡಾಡತೊಡಗಿತು. ದೇವೇಂದ್ರ ಅದನ್ನು ಕಂಡು ಬರೆಯುವುದನ್ನು ನಿಲ್ಲಿಸಿದ.

ದ್ರಾಕ್ಷಾಯಣಮ್ಮನಿಗೂ ಅದು ಕಾಣಿಸಿತು. ದೂರು ವಾಪಸ್ ತೆಗೆದುಕೊಳ್ಳುವ ಮಾತು ಅವರು ಆಡಲಿಲ್ಲ. ಮಗಳೇ ಎಂದು ಕರೆಯಲೂ ಇಲ್ಲ. ತಲೆಯ ಮೇಲಿದ್ದ ಸೆರಗನ್ನು ಹಿಂದಕ್ಕೆ ಜಾರಿಸಿ, ಕಿಟಕಿಯ ಬೆಳಕು ಬೀಳುವಂತೆ ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡು ಕೂತರು.

ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಸಿದ್ಧವಾಗಿದೆ ಎಂದು ಡ್ರೈವರ್ ಬಾಗಿಲಿಗೆ ಬಂದು ಹೇಳಿದ. ಗಂಗಾಮಣಿ ಇಬ್ಬರನ್ನೂ ಒಮ್ಮೆ ನೋಡಿದರು.

“ಇನ್ನೊಂದು ಸ್ವಲ್ಪ ಹೊತ್ತು ಬಿಡು,” ಎಂದರು.