ಬಾಗಿಲು ಮಾತ್ರ ಹಾಕ್ಬೇಡ

ಥಿಯೇಟರಿಗೆ ಜನ ಸಿನಿಮಾ ನೋಡಲು ಬರುತ್ತಾರೆಂದು ಯಾರು ಹೇಳಿದರೋ! ತಿನ್ನಲು ಬರುತ್ತಾರೆ, ಗೊರಕೆ ಹೊಡೆಯಲು ಬರುತ್ತಾರೆ, ಮುಂದಿನ ಸೀಟನ್ನು ಒದೆಯಲು ಬರುತ್ತಾರೆ. ಡಬ್ಬಿಂಗ್ ಹುಡುಗಿಗೆ ಇದೆಲ್ಲ ಈ ಒಂದೇ ಸಿನಿಮಾದಲ್ಲಿ ಅನುಭವಕ್ಕೆ ಬಂದಿತ್ತು.

ಪರದೆಯ ಮೇಲಿನ ತುಟಿ ನಾಯಕಿಯದು, ದನಿ ಇವಳದು. ನಾಯಕಿಗೆ ದನಿ ಕೊಟ್ಟಿದ್ದು ಇದೇ ಮೊದಲು. ಕೊನೆಯಲ್ಲಿ, ಬಿಟ್ಟು ಹೊರಟವನಿಗೆ ನಾಯಕಿ ಹೇಳುವ ಒಂದು ಮಾತಿದೆ: "ಹೋಗೋದಾದ್ರೆ ಹೋಗು. ಬಾಗಿಲು ಮಾತ್ರ ಹಾಕ್ಬೇಡ." ಅದಕ್ಕಾಗಿ ಮೈಕಿನ ಮುಂದೆ ಅರ್ಧ ದಿನ ನಿಂತಿದ್ದಳು. ಸಪ್ಪಳವಾಗಬಾರದೆಂದು ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಮಾತಾಡುವುದು ಅವಳ ರೂಢಿ. ಅಂದು ಸಂಜೆಯ ಹೊತ್ತಿಗೆ ಪಾದಗಳು ಮರಗಟ್ಟಿದ್ದವು. ತುಂಬಿದ ಹಾಲ್ ಉಸಿರು ಬಿಗಿಹಿಡಿದು ಆ ಮಾತು ಕೇಳುವುದನ್ನು ಒಮ್ಮೆ ನೋಡಬೇಕು, ಅಷ್ಟೇ ಆಸೆ. "ಎಲ್ಲೂ ನಿನ್ನ ಹೆಸರೇ ಇಲ್ವಲ್ಲೇ" ಎಂದು ನಗುವ ಅಕ್ಕನಿಗೆ ಕೊಡಲು ಬೇರೆ ಉತ್ತರವೂ ಇರಲಿಲ್ಲ.

ಮೊದಲ ಸಲ ಪಕ್ಕದವನು ಆ ಮಾತಿಗೇ ಕಾದಿದ್ದವನಂತೆ ಚಿಪ್ಸ್ ಪೊಟ್ಟಣ ಹರಿದ. ಇನ್ನೊಂದು ಸಲ ಹಿಂದಿನ ಸಾಲಿನ ಮಹಾಶಯ ಹೆಂಡತಿಗೆ, "ನೋಡ್ತಿರು, ಅವನು ವಾಪಸ್ ಬರ್ತಾನೆ" ಎಂದು ಮುಂದಿನ ಕಥೆಯನ್ನೆಲ್ಲ ಒದರಿದ. ಅವಳ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು. ಇವತ್ತು ಕೊನೆಯ ದಿನ. ನಾಳೆಯಿಂದ ಬೇರೆ ಸಿನಿಮಾ.

ಇವತ್ತು ಹಾಲ್ ಮೌನವಾಗಿತ್ತು. ನಾಯಕ ಬಾಗಿಲಿಗೆ ಕೈಯಿಟ್ಟ. ನಾಯಕಿ ತುಟಿ ತೆರೆದಳು.

ಮುಂದಿನ ಸಾಲಿನವನೊಬ್ಬನ ಫೋನ್ ಹೊಡೆದುಕೊಂಡಿತು. ಅವನು ಎದ್ದು ನಿಂತು ಕೂಗಿದ: "ಗಾಬರಿ ಆಗ್ಬೇಡಿ ಅಜ್ಜಿ! ಬಾಗಿಲು ತಳ್ಬೇಡಿ! ಬಂದೆ!"

ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಕಣ್ಣೀರು ತರಿಸಬೇಕಾದ ಮಾತು ನಗೆಯಲ್ಲಿ ಮುಳುಗಿಹೋಯಿತು. ಅವಳಿಗೆ ಪಿತ್ತ ನೆತ್ತಿಗೇರಿತು. ಹೊರಗೆ ಓಡಿದವನ ಹಿಂದೆಯೇ ಓಡಿದಳು.

"ರೀ, ನಿಲ್ರೀ! ನಾಚಿಕೆ ಆಗಲ್ವಾ? ಫೋನ್ ಬಂದ್ ಮಾಡೋಕೆ ಏನ್ರೀ ರೋಗ?"

ಅವನು ತಿರುಗಿದ. ಜೇಬಿನಲ್ಲಿ ಸ್ಕ್ರೂಡ್ರೈವರ್, ಮುಖದಲ್ಲಿ ತಪ್ಪು ಮಾಡಿದವನ ಪೆಚ್ಚು. ಕಣ್ಣುಗಳು ಚೆನ್ನಾಗಿಯೇ ಇದ್ದವು, ಅದರಿಂದ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಲಿಫ್ಟ್ ಮೆಕ್ಯಾನಿಕ್ ರೀ ನಾನು. ಫೋನ್ ಬಂದ್ ಮಾಡೋ ಹಾಗಿಲ್ಲ. ಎದುರು ಬಿಲ್ಡಿಂಗಲ್ಲಿ ಅಜ್ಜಿ ಒಬ್ರೇ ಸಿಕ್ಕಿಹಾಕ್ಕೊಂಡಿದಾರೆ. ಬೈಯೋದಿದ್ರೆ ನಡೀತಾ ಬೈರಿ."

ಬೈದಳು. ರಸ್ತೆ ದಾಟುವಾಗಲೂ ಬೈದಳು. "ಇಂಥವರು ಸಿನಿಮಾಕ್ಕೆ ಯಾಕ್ರೀ ಬರ್ತೀರಿ?"

"ಹೋದ ವಾರಾನೂ ಇದೇ ಸೀನಲ್ಲಿ ಕಾಲ್ ಬಂತು. 'ಹೋಗೋದಾದ್ರೆ ಹೋಗು' ಅಂದಳು, ಅಷ್ಟಕ್ಕೇ ಓಡಿದೆ. ಅಷ್ಟು ಸುಲಭಕ್ಕೆ ಬಿಟ್ಟುಕೊಡೋ ದನಿ ಅಲ್ಲ ಅದು, ಇನ್ನೇನೋ ಹೇಳಿರ್ತಾಳೆ ಅನ್ನಿಸ್ತು. ಕೇಳೋಣ ಅಂತ ಮತ್ತೆ ಬಂದೆ."

"ನಾಯಕಿ ಮುಖ ನೋಡೋಕೆ ಅನ್ನಿ."

"ಮುಖ ಯಾರಿಗೆ ಬೇಕು? ದಿನಾ ಮುಖ ಕಾಣದ ದನಿಗಳ ಜೊತೆನೇ ನನ್ನ ಕೆಲಸ. ಆ ದನಿ ನಟಿಸ್ತಿರ್ಲಿಲ್ಲ ರೀ."

ಅವಳ ಸಿಟ್ಟು ಇಳಿದಿರಲಿಲ್ಲ, ಆದರೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮೂರನೇ ಮಹಡಿಯಲ್ಲಿ ಅವನು ಅಜ್ಜಿಗೆ ಕರೆ ಮಾಡಿ ಫೋನನ್ನು ಅವಳ ಕೈಗೆ ತುರುಕಿದ. "ನಾನು ಮೇಲೆ ಮೋಟಾರ್ ರೂಮಿಗೆ ಹೋಗ್ಬೇಕು. ಅಜ್ಜಿ ಜೊತೆ ಮಾತಾಡ್ತಿರಿ, ನಿಲ್ಲಿಸ್ಬೇಡಿ."

ಅವಳು ಚಪ್ಪಲಿ ಕಳಚಿ ಮೆಟ್ಟಿಲ ಮೇಲೆ ಕುಳಿತಳು. "ಅಜ್ಜೀ, ನಾನಿದ್ದೀನಿ."

"ಎಲ್ಲರೂ ಹೊರಗಿಂದ ಲಿಫ್ಟ್ ಬಾಗಿಲು ಬಡಿದು ಹೋದ್ರಮ್ಮ. ನೀನೂ ಹೋಗ್ತೀಯಾ?"

"ಹೋಗಲ್ಲ. ಬಾಗಿಲು ತೆಗೆಯೋವರೆಗೂ ಇಲ್ಲೇ ಕೂತಿರ್ತೀನಿ." ಆಮೇಲೆ ಚಿಪ್ಸಿನವನ ಕಥೆ ಹೇಳಿದಳು, ಕಥೆ ಒದರಿದ ಗಂಡನ ಕಥೆ ಹೇಳಿದಳು, ಮೆಕ್ಯಾನಿಕ್ಕನ ಜನ್ಮ ಜಾಲಾಡಿದಳು. ಲಿಫ್ಟಿನೊಳಗೆ ಅಜ್ಜಿ ಕಿಸಕ್ಕನೆ ನಕ್ಕರು.

ಅವನು ಇಳಿದು ಬಂದು ಕೀಲಿ ಹಾಕಿ ಬಾಗಿಲು ತೆರೆದ. "ಇವಳ ಮಾತಲ್ಲಿ ಸಿಕ್ಕಿಹಾಕ್ಕೊಂಡಿದ್ದೇ ಮರೆತುಹೋಗಿತ್ತು ಕಣಪ್ಪ," ಎಂದು ಅಜ್ಜಿ ಅವಳ ಕೆನ್ನೆ ಸವರಿ ಮನೆಯೊಳಗೆ ಹೋದರು.

ಅವನು ಅವಳನ್ನೇ ನೋಡುತ್ತ ನಿಂತ. "ಮೆಟ್ಟಿಲಿಳಿಯೋವಾಗ ಕೇಳಿಸ್ತು. ಆ ದನಿ ನಿಮ್ದೇ ಅಲ್ವಾ?"

"ನಂದೇ. ಆ ಮಾತಿಗೆ ಹಾಲ್ ಪೂರ್ತಿ ನಗೋ ಹಾಗೆ ಮಾಡಿದ್ದು ನೀವೇ." ಅವಳ ಕಣ್ಣು ತುಂಬಿತು. "ನಾಳೆಯಿಂದ ಆ ಸಿನಿಮಾನೇ ಇಲ್ಲ. ಇನ್ನು ಯಾರು ಕೇಳ್ತಾರೆ?"

"ಒಂದ್ಸಲ ಕೆಳಗೆ ಓಡಿಸಿ ನೋಡ್ಬೇಕು," ಎಂದು ಅವನು ತಲೆ ತಗ್ಗಿಸಿ ಲಿಫ್ಟಿನೊಳಗೆ ಹೋಗಿ ಗುಂಡಿ ಒತ್ತಿದ.

ಬಾಗಿಲು ಮುಚ್ಚಿಕೊಳ್ಳತೊಡಗಿತು. ಅವಳು ಇನ್ನೂ ಬರಿಗಾಲಲ್ಲೇ ನಿಂತಿದ್ದಳು.

"ಹೋಗೋದಾದ್ರೆ ಹೋಗು," ಎಂದಳು. "ಬಾಗಿಲು ಮಾತ್ರ ಹಾಕ್ಬೇಡ."

ಅವನು ಚಟ್ಟನೆ ಕೈ ಅಡ್ಡಹಿಡಿದ. ಬಾಗಿಲು ಹಿಂದೆ ಸರಿಯಿತು. ಪೊಟ್ಟಣದ ಸದ್ದಿಲ್ಲ, ನಗೆಯಿಲ್ಲ. ಅವನು ಉಸಿರು ಬಿಗಿಹಿಡಿದು ನಿಂತಿದ್ದ, ಕಣ್ಣುಗಳು ಒದ್ದೆಯಾಗಿದ್ದವು. ಇಷ್ಟು ದಿನ ಅವಳು ಕಾದಿದ್ದುದು ಇದಕ್ಕೇ.

"ಈ ದನಿ ಮೇಲೆ ಮನಸಾಗಿ ವಾರ ಆಯ್ತು," ಎಂದ ಮೆಲ್ಲಗೆ. "ಈಗ ಬೈಗುಳದ ಮೇಲೂ ಆಗಿದೆ."

"ಇನ್ನೂ ಬೈದು ಮುಗಿದಿಲ್ಲ," ಎಂದಳು. ಆದರೆ ತುಟಿಯಂಚಿನ ನಗು ಮುಚ್ಚಿಡಲಾಗಲಿಲ್ಲ.

ಅಷ್ಟರಲ್ಲಿ ಅವಳ ಕೈಯಲ್ಲೇ ಉಳಿದಿದ್ದ ಅವನ ಫೋನ್ ಮತ್ತೆ ಹೊಡೆದುಕೊಂಡಿತು. ಅವನು ಕೈ ಚಾಚಿದ. ಅವಳು ಕೊಡಲಿಲ್ಲ, ಚಪ್ಪಲಿ ಮೆಟ್ಟಿಕೊಳ್ಳುತ್ತ ತಾನೇ ಕಿವಿಗಿಟ್ಟುಕೊಂಡಳು.

"ಗಾಬರಿ ಆಗ್ಬೇಡಿ," ಎಂದಳು. "ಬರ್ತಾ ಇದೀವಿ."